ಹಕ್ಕಿ ಜ್ವರ: ಸೌಮ್ಯ ವೈರಸ್ ಮಾರಕವಾಗುವುದು ಹೇಗೆ? ಕೋಳಿ, ಮೊಟ್ಟೆ ತಿನ್ನಬಹುದೇ?

ಎಲ್ಲಾದರೂ ಹಕ್ಕಿ ಜ್ವರ ಕಾಣಿಸಿಕೊಂಡಿದೆ ಎಂಬ ಸುದ್ದಿ ಬಂದರೆ ಸಾಕು, ವಾಟ್ಸಾಪ್ ಗುಂಪುಗಳಲ್ಲಿ ಎರಡು ಬಗೆಯ ಸಂದೇಶಗಳು ಹರಿದಾಡುತ್ತವೆ. ಕೋಳಿ, ಮೊಟ್ಟೆ ಮುಟ್ಟಲೇಬೇಡಿ, ತಿಂದರೆ ಪ್ರಾಣಕ್ಕೆ ಅಪಾಯ ಎನ್ನುವುದು ಒಂದು. ಹಕ್ಕಿ ಜ್ವರವೇ ಸುಳ್ಳು, ಅದು ಹಕ್ಕಿಗಳಿಗೆ ಬರುವ ಮಾಮೂಲಿ ನೆಗಡಿ ಎನ್ನುವುದು ಇನ್ನೊಂದು.

ಇಂಥ ಸಂದೇಶಗಳಿಂದ ಆಗುವ ನಷ್ಟ ಸಣ್ಣದಲ್ಲ. 2020ರ ಆರಂಭದಲ್ಲಿ ಕೋಳಿ ಮಾಂಸದಿಂದ ಕೊರೊನಾ ಹರಡುತ್ತದೆ ಎಂಬ ಸುಳ್ಳು ಹಬ್ಬಿ ಕೋಳಿ ಬೆಲೆ ಕುಸಿಯಿತು. ನಮ್ಮ ರಾಜ್ಯದಲ್ಲೂ ಸಾಕಿದವರೇ ಜೀವಂತ ಕೋಳಿಗಳನ್ನು ಗುಂಡಿಗೆ ಹಾಕಿ ಮುಚ್ಚಿದ್ದು ಸುದ್ದಿಯಾಗಿತ್ತು. ಹಾಗೆಂದು 'ಏನೂ ಆಗಲ್ಲ' ಎಂಬ ಮಾತು ನಂಬಿ, ರೋಗ ಬಂದು ಸತ್ತ ಕೋಳಿಯನ್ನು ಬರಿಗೈಯಲ್ಲಿ ಎತ್ತಿದರೆ ಆ ಅಪಾಯವೂ ನಿಜವೇ. ಹಾಗಾದರೆ ಯಾವುದು ಎಷ್ಟು ಸತ್ಯ? ಇದಕ್ಕೆ ಉತ್ತರ ಈ ವೈರಸ್‌ನ ಮೈಮೇಲಿರುವ ಒಂದು ಪ್ರೋಟೀನ್‌ನಲ್ಲಿದೆ. ಅದು ಹೇಗೆ ತಯಾರಾಗುತ್ತದೆ, ಎಲ್ಲಿ ಕತ್ತರಿಸಲ್ಪಡುತ್ತದೆ ಎಂಬುದನ್ನು ನೋಡೋಣ.

ವೈರಸ್‌ನ ಮೈಮೇಲೆ ಏನಿದೆ?

ಹಕ್ಕಿ ಜ್ವರ ತರುವುದು ಇನ್‌ಫ್ಲುಯೆಂಜಾ ಎ ಎಂಬ ವೈರಸ್. ಇದರ ಹೊರಕವಚ ಕೊಬ್ಬಿನ ಒಂದು ತೆಳು ಪೊರೆ. ಆ ಪೊರೆಯಲ್ಲಿ ಮುಳ್ಳುಗಳ ಹಾಗೆ ನಾಟಿಕೊಂಡಿರುವ ಪ್ರೋಟೀನ್‌ಗಳಿವೆ. ಇವುಗಳಿಗೆ ಸಕ್ಕರೆಯ ಅಣುಗಳ ಸರಪಳಿ ಅಂಟಿಕೊಂಡಿರುವುದರಿಂದ ಗ್ಲೈಕೋಪ್ರೋಟೀನ್ ಎನ್ನುತ್ತಾರೆ. ಇವುಗಳಲ್ಲಿ ಮುಖ್ಯವಾದದ್ದು ಹೀಮಗ್ಲುಟಿನಿನ್. ಎಚ್5ಎನ್1 ಎಂಬ ಹೆಸರಿನಲ್ಲಿರುವ 'ಎಚ್' ಇದೇ.

ಹೀಮಗ್ಲುಟಿನಿನ್‌ಗೆ ಎರಡು ಕೆಲಸ. ಮೊದಲು ಜೀವಕೋಶಕ್ಕೆ ಅಂಟಿಕೊಳ್ಳುವುದು. ಆಮೇಲೆ ವೈರಸ್‌ನ ಪೊರೆಯನ್ನೂ ಜೀವಕೋಶದ ಪೊರೆಯನ್ನೂ ಬೆಸೆದು ಒಳಗೆ ದಾರಿ ಮಾಡಿಕೊಡುವುದು.

ಈ ಮುಳ್ಳನ್ನು ತಯಾರಿಸುವುದು ಯಾರು?

ವೈರಸ್ ಅಲ್ಲ. ಪ್ರೋಟೀನ್ ತಯಾರಿಸುವ ವ್ಯವಸ್ಥೆಯೇ ವೈರಸ್ ಬಳಿ ಇಲ್ಲ. ಅದು ತರುವುದು ಸೂಚನೆಯನ್ನು ಮಾತ್ರ, ಕೆಲಸವೆಲ್ಲ ಸೋಂಕು ತಗುಲಿದ ಜೀವಕೋಶದ್ದು.

ಕೋಶದೊಳಗಿನ ರೈಬೋಸೋಮ್ ಆ ಸೂಚನೆಯನ್ನು ಓದುತ್ತಾ ಅಮೈನೋ ಆಮ್ಲಗಳನ್ನು ಮಣಿಗಳಂತೆ ಪೋಣಿಸುತ್ತದೆ. ಮೊದಲು ಹೊರಬರುವ ಹದಿನೈದು ಇಪ್ಪತ್ತು ಮಣಿಗಳೇ ಒಂದು ವಿಳಾಸ ಚೀಟಿ. 'ಈ ಸರಕು ಪೊರೆಗೆ ಹೋಗಬೇಕು' ಎಂದು ಅದು ತಿಳಿಸುತ್ತದೆ. ನಮ್ಮ ದೇಹದ ಸ್ವಂತ ಪ್ರೋಟೀನ್‌ಗಳಲ್ಲೂ ಇಂಥ ಚೀಟಿಗಳಿರುತ್ತವೆ. ಇದನ್ನು ಕಂಡುಹಿಡಿದ ಗುಂಟರ್ ಬ್ಲೋಬೆಲ್ ಅವರಿಗೆ 1999ರಲ್ಲಿ ನೊಬೆಲ್ ಬಹುಮಾನ ಬಂತು. ವೈರಸ್ ಬಳಸಿಕೊಳ್ಳುವುದು ಇದೇ ವ್ಯವಸ್ಥೆಯನ್ನು.

ಚೀಟಿ ನೋಡಿದ ಕೋಶ, ರೈಬೋಸೋಮನ್ನು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಪೊರೆಗಳ ಜಾಲಕ್ಕೆ ಕರೆದೊಯ್ಯುತ್ತದೆ. ಆ ಪೊರೆಯಲ್ಲಿ ಸಣ್ಣ ಬಾಗಿಲುಗಳಿವೆ. ಪ್ರೋಟೀನ್‌ನ ಎಳೆ ತಯಾರಾಗುತ್ತಿರುವಾಗಲೇ, ಸೂಜಿಯ ಕಣ್ಣಿಗೆ ದಾರ ಪೋಣಿಸಿದ ಹಾಗೆ, ಬಾಗಿಲ ಮೂಲಕ ಒಳಗೆ ಇಳಿಯುತ್ತದೆ. ಕೆಲಸ ಮುಗಿದ ಚೀಟಿ ಕತ್ತರಿಸಿ ಬೀಳುತ್ತದೆ. ಎಳೆಯ ಬಾಲದ ಹತ್ತಿರ ಕೊಬ್ಬಿಗೆ ಒಗ್ಗುವ ಒಂದು ತುಂಡು ಇದೆ. ಅದು ಪೊರೆಯಲ್ಲೇ ಸಿಕ್ಕಿಕೊಂಡು ಬೇರಿನಂತೆ ನಿಲ್ಲುತ್ತದೆ.

ಒಳಗಿಳಿದ ಭಾಗಕ್ಕೆ ಸಕ್ಕರೆ ಸರಪಳಿಗಳು ಅಂಟುತ್ತವೆ, ಅದು ಸರಿಯಾದ ಆಕಾರಕ್ಕೆ ಮಡಚಿಕೊಳ್ಳುತ್ತದೆ. ಮೂರು ಪ್ರತಿಗಳು ಸೇರಿ ಒಂದು ಮುಳ್ಳಾಗುತ್ತದೆ. ಸರಿಯಾಗಿ ಮಡಚಿಕೊಳ್ಳದಿದ್ದರೆ ಕೋಶ ಅದನ್ನು ಮುಂದೆ ಬಿಡುವುದಿಲ್ಲ. ಸರಿಯಿದ್ದದ್ದು ಗಾಲ್ಗಿ ಎಂಬ ಇನ್ನೊಂದು ಪೊರೆ ವ್ಯವಸ್ಥೆಯನ್ನು ದಾಟಿ ಕೋಶದ ಮೇಲ್ಮೈ ತಲುಪುತ್ತದೆ. ಹೊಸ ವೈರಸ್ ಅಲ್ಲಿಂದ ಮೊಗ್ಗಿನ ಹಾಗೆ ಉಬ್ಬಿ ಹೊರಬರುವಾಗ ಮುಳ್ಳುಗಳ ಸಮೇತ ಕೋಶದ ಪೊರೆಯನ್ನೇ ಹೊದ್ದುಕೊಂಡು ಹೋಗುತ್ತದೆ.

ಕತ್ತರಿ ಬೀಳದೆ ಸೋಂಕಿಲ್ಲ

ಇಷ್ಟಾದರೂ ಮುಳ್ಳು ಇನ್ನೂ ಅರ್ಧ ಮಾತ್ರ ಸಿದ್ಧ. ಒಂದು ನಿರ್ದಿಷ್ಟ ಜಾಗದಲ್ಲಿ ಅದನ್ನು ಕತ್ತರಿಸಿ ಎರಡು ತುಂಡು ಮಾಡಬೇಕು. ಕತ್ತರಿಸಿದ ಮೇಲೂ ತುಂಡುಗಳು ಒಂದಕ್ಕೊಂದು ಜೋಡಿಕೊಂಡೇ ಇರುತ್ತವೆ. ಆದರೆ ಈಗ ಮುಳ್ಳು ಅದುಮಿಟ್ಟ ಸ್ಪ್ರಿಂಗ್‌ನಂತಾಗಿದೆ. ವೈರಸ್ ಮುಂದಿನ ಕೋಶದೊಳಗೆ ಹೋಗಿ ಅಲ್ಲಿನ ಚೀಲದಲ್ಲಿ ಆಮ್ಲದ ಅಂಶ ಏರಿದಾಗ ಸ್ಪ್ರಿಂಗ್ ಚಿಮ್ಮಿ ಎರಡು ಪೊರೆಗಳನ್ನು ಬೆಸೆಯುತ್ತದೆ. ಕತ್ತರಿ ಬೀಳದ ಮುಳ್ಳು ಕೋಶಕ್ಕೆ ಅಂಟಿಕೊಳ್ಳಬಲ್ಲದು, ಆದರೆ ಬೆಸೆಯಲಾರದು. ಅಂದರೆ ಸೋಂಕು ಅಲ್ಲಿಗೇ ನಿಲ್ಲುತ್ತದೆ.

ಈ ಕತ್ತರಿಯೂ ವೈರಸ್‌ನದಲ್ಲ, ಹಕ್ಕಿಯ ದೇಹದ್ದೇ ಕಿಣ್ವ. ಯಾವ ಕಿಣ್ವ ಕತ್ತರಿಸುತ್ತದೆ ಎಂಬುದರ ಮೇಲೆ ರೋಗದ ತೀವ್ರತೆ ಬಹುಮಟ್ಟಿಗೆ ನಿಂತಿದೆ.

ಸೌಮ್ಯ ಹಕ್ಕಿ ಜ್ವರದ ವೈರಸ್‌ಗಳನ್ನು ಕತ್ತರಿಸಬಲ್ಲ ಕಿಣ್ವಗಳು ಮುಖ್ಯವಾಗಿ ಉಸಿರಾಟದ ದಾರಿಯಲ್ಲಿ ಮತ್ತು ಕರುಳಿನಲ್ಲಿ ಇರುತ್ತವೆ. ಹಾಗಾಗಿ ಸೋಂಕೂ ಅಷ್ಟಕ್ಕೇ ಸೀಮಿತ. ಮಾರಕ ತಳಿಗಳಲ್ಲಿ ಕತ್ತರಿ ಬೀಳುವ ಜಾಗದಲ್ಲಿ ಅರ್ಜಿನಿನ್, ಲೈಸಿನ್ ಎಂಬ ಅಮೈನೋ ಆಮ್ಲಗಳು ಸಾಲಾಗಿ ಬಂದಿರುತ್ತವೆ. ಈ ಸಾಲನ್ನು ಫ್ಯೂರಿನ್ ಎಂಬ ಕಿಣ್ವ ಗುರುತಿಸುತ್ತದೆ. ಫ್ಯೂರಿನ್ ಇರುವುದು ಗಾಲ್ಗಿಯಲ್ಲಿ, ಅದೂ ದೇಹದ ಹೆಚ್ಚುಕಡಿಮೆ ಎಲ್ಲ ಕೋಶಗಳಲ್ಲಿ. ಹೀಗಾಗಿ ಮುಳ್ಳು ಕೋಶದಿಂದ ಹೊರಬರುವ ಮೊದಲೇ ಸಿದ್ಧವಾಗಿರುತ್ತದೆ. ಮಿದುಳು, ಹೃದಯ ಸೇರಿದಂತೆ ದೇಹದ ಎಲ್ಲೆಡೆ ವೈರಸ್ ಹರಡಿ, ಕೆಲವೇ ದಿನಗಳಲ್ಲಿ ಕೋಳಿಗಳ ಹಿಂಡಿಗೆ ಹಿಂಡೇ ಸಾಯುತ್ತದೆ. ಪ್ರಕೃತಿಯಲ್ಲಿ ಹೀಗೆ ಮಾರಕವಾಗಿರುವುದು ಎಚ್5 ಮತ್ತು ಎಚ್7 ಗುಂಪಿನ ವೈರಸ್‌ಗಳು.

ಒಂದು ಸಕ್ಕರೆ ಸರಪಳಿ ಕಳಚಿದಾಗ

1983ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಏಪ್ರಿಲ್ ಹೊತ್ತಿಗೆ ಎಚ್5ಎನ್2 ಎಂಬ ಸೌಮ್ಯ ವೈರಸ್ ಕೋಳಿಗಳಲ್ಲಿ ಕಾಣಿಸಿತು. ಅಕ್ಟೋಬರ್ ವೇಳೆಗೆ ಅದೇ ವೈರಸ್ ಮಾರಕವಾಯಿತು. ಅದನ್ನು ತಡೆಯಲು ಸುಮಾರು 1.7 ಕೋಟಿ ಹಕ್ಕಿಗಳನ್ನು ಕೊಲ್ಲಬೇಕಾಯಿತು. ವಿಜ್ಞಾನಿಗಳು ಎರಡನ್ನೂ ಹೋಲಿಸಿ ನೋಡಿದಾಗ ಸಿಕ್ಕ ಮುಖ್ಯ ವ್ಯತ್ಯಾಸ ತೀರಾ ಚಿಕ್ಕದು. ಹೀಮಗ್ಲುಟಿನಿನ್‌ನ ಕತ್ತರಿ ಬೀಳುವ ಜಾಗವನ್ನು ಮರೆಮಾಡಿದ್ದ ಒಂದು ಸಕ್ಕರೆ ಸರಪಳಿ ಮಾರಕ ತಳಿಯಲ್ಲಿ ಇರಲಿಲ್ಲ. ಮರೆ ಹೋಯಿತು, ಕತ್ತರಿಗೆ ದಾರಿಯಾಯಿತು.

ರೋಗ ಕಂಡ ಜಾಗದ ಸುತ್ತಮುತ್ತ ಆರೋಗ್ಯವಾಗಿ ಕಾಣುವ ಕೋಳಿಗಳನ್ನೂ ಯಾಕೆ ಕೊಲ್ಲುತ್ತಾರೆ ಎಂದು ಹಲವರು ಕೇಳುತ್ತಾರೆ. 2012ರಲ್ಲಿ ಬೆಂಗಳೂರಿನ ಹೆಸರಘಟ್ಟದ ಕೇಂದ್ರ ಕೋಳಿ ಸಾಕಣೆ ಸಂಸ್ಥೆಯಲ್ಲಿ ಎಚ್5ಎನ್1 ಕಾಣಿಸಿಕೊಂಡಾಗಲೂ ಹಕ್ಕಿಗಳನ್ನು ಕೊಲ್ಲಲಾಯಿತು. ಕಾರಣ ಇಷ್ಟೇ: ವೈರಸ್ ಹರಡುತ್ತಾ ಹೋದಷ್ಟೂ ಬದಲಾಗಲು ಅದಕ್ಕೆ ಅವಕಾಶ ಸಿಗುತ್ತದೆ.

ಮನುಷ್ಯರಿಗೆ ಬರುತ್ತದೆಯೇ?

ಬರುತ್ತದೆ, ಆದರೆ ಅಪರೂಪ. ಹಕ್ಕಿ ಜ್ವರದ ಮುಳ್ಳು ಹಿಡಿಯಲು ಇಷ್ಟಪಡುವ ಬಗೆಯ ಹಿಡಿಕೆಗಳು ನಮ್ಮ ಮೂಗು, ಗಂಟಲಿನ ಕೋಶಗಳಲ್ಲಿ ಕಡಿಮೆ, ಶ್ವಾಸಕೋಶದ ಆಳದಲ್ಲಿ ಹೆಚ್ಚು. ಆದ್ದರಿಂದ ಸುಲಭವಾಗಿ ಅಂಟುವುದಿಲ್ಲ, ಅಂಟಿದರೆ ಕಾಯಿಲೆ ತೀವ್ರವಾಗಬಹುದು. 1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ 18 ಜನರಿಗೆ ಎಚ್5ಎನ್1 ತಗುಲಿ 6 ಮಂದಿ ತೀರಿಕೊಂಡರು. ಇಂಥ ಸೋಂಕು ಹೆಚ್ಚಾಗಿ ಬಂದಿರುವುದು ಕಾಯಿಲೆಯಾದ ಅಥವಾ ಸತ್ತ ಹಕ್ಕಿಗಳನ್ನು ಮುಟ್ಟಿದವರಿಗೆ, ಕೊಯ್ದವರಿಗೆ, ಪುಕ್ಕ ಕಿತ್ತವರಿಗೆ. ಹಾಗಾಗಿ 'ಬರೀ ನೆಗಡಿ' ಎಂಬ ಸಂದೇಶ ತಪ್ಪು.

ಹಾಗಾದರೆ ಕೋಳಿ ತಿನ್ನಬಹುದೇ?

ಚೆನ್ನಾಗಿ ಬೇಯಿಸಿದರೆ ತಿನ್ನಬಹುದು. ಮುಳ್ಳಿನ ಶಕ್ತಿಯೆಲ್ಲ ಇರುವುದು ಅದು ಮಡಚಿಕೊಂಡ ಆಕಾರದಲ್ಲಿ. ಮೊಟ್ಟೆ ಬೇಯಿಸಿದಾಗ ಅದರ ಬಿಳಿ ಗಟ್ಟಿಯಾಗುವುದನ್ನು ನೋಡಿದ್ದೀರಲ್ಲ? ಬಿಸಿಗೆ ಪ್ರೋಟೀನ್‌ನ ಆಕಾರ ಕೆಡುತ್ತದೆ, ತಣ್ಣಗಾದರೂ ಮೊದಲಿನಂತಾಗುವುದಿಲ್ಲ. ವೈರಸ್‌ನ ಮುಳ್ಳಿಗೂ ಇದೇ ಗತಿ. ಮಾಂಸದ ಎಲ್ಲ ಭಾಗವೂ 70 ಡಿಗ್ರಿ ಸೆಲ್ಸಿಯಸ್ ತಲುಪಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕುದಿಯುವ ಸಾರಿನ ಬಿಸಿ 100 ಡಿಗ್ರಿಯ ಹತ್ತಿರ ಇರುತ್ತದೆ. ಮೂಳೆಯ ಪಕ್ಕ ಕೆಂಪು ಉಳಿಯದಂತೆ ಬೇಯಿಸಿದರೆ ಸಾಕು.

ಹಕ್ಕಿ ಜ್ವರದ ಸುದ್ದಿ ಇರುವಾಗ ಇಷ್ಟು ನೆನಪಿಡಿ:

- ಹಸಿ ಮಾಂಸಕ್ಕೆ ಅರಿಶಿನ, ಉಪ್ಪು ಹಾಕಿ ತೊಳೆಯುವುದು ಬೇಯಿಸುವುದಕ್ಕೆ ಬದಲಿಯಲ್ಲ.
- ಫ್ರಿಜ್‌ನಲ್ಲಿ ಇಟ್ಟರೆ ವೈರಸ್ ಸಾಯುವುದಿಲ್ಲ.
- ಹಸಿ ಮೊಟ್ಟೆ, ಹಾಫ್ ಬಾಯಿಲ್ಡ್ ಬೇಡ. ಬಿಳಿ, ಹಳದಿ ಎರಡೂ ಗಟ್ಟಿಯಾಗುವವರೆಗೆ ಬೇಯಿಸಿ.
- ಹಸಿ ಮಾಂಸ ಮುಟ್ಟಿದ ಕೈ, ಚಾಕು, ಮಣೆಯನ್ನು ಸೋಪು ಹಾಕಿ ತೊಳೆಯಿರಿ. ಮುಳ್ಳು ನಾಟಿಕೊಂಡಿರುವ ಕೊಬ್ಬಿನ ಪೊರೆಯನ್ನೇ ಸೋಪು ಒಡೆಯುತ್ತದೆ.
- ಕಾಯಿಲೆಯಾದ ಅಥವಾ ತಾನಾಗಿ ಸತ್ತ ಕೋಳಿಯನ್ನು ಕೊಯ್ಯಬೇಡಿ, ತಿನ್ನಬೇಡಿ. ಕೋಳಿ, ಕಾಗೆ, ಬಾತುಕೋಳಿಗಳು ಗುಂಪಾಗಿ ಸತ್ತು ಬಿದ್ದಿದ್ದರೆ ಮುಟ್ಟದೆ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ.

ಕೋಳಿ ತಿಂದರೆ ಸಾಯುತ್ತೀರಿ ಎನ್ನುವ ಸಂದೇಶವಾಗಲಿ, ಹಕ್ಕಿ ಜ್ವರವೇ ಸುಳ್ಳು ಎನ್ನುವ ಸಂದೇಶವಾಗಲಿ ನಿಮ್ಮ ಮೊಬೈಲ್‌ಗೆ ಬಂದರೆ ಮುಂದಕ್ಕೆ ಕಳಿಸಬೇಡಿ. ಅದನ್ನು ಕಳಿಸಿದವರಿಗೆ ಮೇಲಿನ ಐದು ಅಂಶಗಳನ್ನು ಕಳಿಸಿ.