ಕಲ್ಲಿನಲ್ಲಿ ಬರೆದವರು, ಬೆರಳ ತುದಿಯಲ್ಲಿ ಬರೆಯುವವರು



ರೋಣ, ಗಜೇಂದ್ರಗಡಗಳ ಕಡೆಗೆ ಎಂದಾದರೂ ಪ್ರಯಾಣ ಬೆಳೆಸಿದರೆ ಸೂಡಿ ಎಂಬ ಊರಿಗೂ ಹೋಗಿ ಬನ್ನಿ. ಅಲ್ಲಿಯ ಜೋಡು ಕಲಶದ ಗುಡಿಯನ್ನೂ ನಾಗಕುಂಡವನ್ನೂ ನೋಡಿದ ಬಳಿಕ ಊರಿನ ಶಾಸನಗಳ ಕುರಿತು ಒಂದು ಗಳಿಗೆ ಯೋಚಿಸಿರಿ. ನಿಮ್ಮ ಜೇಬಿನಲ್ಲಿರುವ ಮೊಬೈಲಿಗೂ ಸಾವಿರ ವರ್ಷ ಹಳೆಯ ಆ ಕಲ್ಲುಗಳಿಗೂ ಏನು ಸಂಬಂಧವೆಂದು ನೀವು ಕೇಳಬಹುದು. ಎರಡೂ ಬರಹವನ್ನು ಹೊತ್ತಿವೆ. ಎರಡೂ ಅದನ್ನು ಹತ್ತಾರು ಜನರ ಮುಂದಿಡುತ್ತವೆ. ಆದರೆ ಆ ಬರಹಕ್ಕೆ ಯಾರು ಹೊಣೆ ಎಂಬ ಪ್ರಶ್ನೆ ಬಂದಾಗ ಅವುಗಳ ದಾರಿ ಬೇರೆಯಾಗುತ್ತದೆ.

ಹನ್ನೊಂದನೆಯ ಶತಮಾನದಲ್ಲಿ ಸೂಡಿ ಕಿಸುಕಾಡು ಎಪ್ಪತ್ತರ ಮುಖ್ಯ ಸ್ಥಳವಾಗಿತ್ತು. ಚಾಲುಕ್ಯ ದೊರೆ ಎರಡನೆಯ ಜಯಸಿಂಹನ ಸಹೋದರಿ ಅಕ್ಕಾದೇವಿ ಆ ನಾಡನ್ನು ಆಳಿದಳು. ಊರಿನ ಎಂಟು ಸೆಟ್ಟಿಗಳಿಗೂ ಎಂಬತ್ತು ಒಕ್ಕಲುಗಳಿಗೂ ಇದ್ದ ಹಳೆಯ ಕಟ್ಟುಪಾಡನ್ನು ಅವಳು ನವೀಕರಿಸಿಕೊಟ್ಟದ್ದನ್ನು ಅಲ್ಲಿಯ ಒಂದು ಶಾಸನ ಹೇಳುತ್ತದೆ. ಇಂತಹ ಶಾಸನಗಳ ರಚನೆಯನ್ನು ಗಮನಿಸಿರಿ. ಯಾವ ಅರಸನ ಕಾಲ, ಯಾವ ಸಂವತ್ಸರ, ಯಾವ ತಿಥಿ, ಕೊಟ್ಟವರು ಯಾರು, ಪಡೆದವರು ಯಾರು, ಹೊಲದ ಎಲ್ಲೆ ಯಾವುದು ಎಂಬುದೆಲ್ಲ ಕ್ರಮವಾಗಿ ಬರುತ್ತದೆ. ಎಷ್ಟೋ ಶಾಸನಗಳ ಕೊನೆಯಲ್ಲಿ ಬರೆದವನ ಹೆಸರು, ಕಲ್ಲು ಕಡೆದ ರೂವಾರಿಯ ಹೆಸರು ಸಹ ಇರುತ್ತವೆ. ಅಂತಹ ಬರಹವು ಊರ ನಡುವೆ, ಎಲ್ಲರ ಕಣ್ಣೆದುರಿಗೆ ನಿಲ್ಲುತ್ತಿತ್ತು. ಸುಳ್ಳಾಗಿದ್ದರೆ ನೆರೆಹೊಲದವನೇ ಬಂದು ಪ್ರಶ್ನಿಸಬಹುದಿತ್ತು.

ಹಾಗೆಂದು ಹಿಂದಿನವರೆಲ್ಲ ಸತ್ಯವಂತರೆಂದೂ ಇಂದಿನವರು ಮಾತ್ರ ಸುಳ್ಳುಗಾರರೆಂದೂ ಭಾವಿಸಬೇಡಿರಿ. ಅದೇ ಸೂಡಿಯಲ್ಲಿ ಒಂದು ತಾಮ್ರಪಟವೂ ದೊರೆತಿದೆ. ಗಂಗರ ಅರಸ ಬೂತುಗನು ಕ್ರಿ.ಶ. 938ರಲ್ಲಿ, ತನ್ನ ಮಡದಿ ಕಟ್ಟಿಸಿದ ಜಿನಾಲಯಕ್ಕೆ ಭೂಮಿ ಕೊಟ್ಟನೆಂದು ಅದು ಹೇಳುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅದನ್ನು ಓದಿ ಪ್ರಕಟಿಸಿದ ವಿದ್ವಾಂಸ ಜಾನ್ ಫೇತ್‌ಫುಲ್ ಫ್ಲೀಟ್ ಅದನ್ನು ಕೂಟಶಾಸನವೆಂದು ನಿರ್ಣಯಿಸಿದರು. ಶಾಸನತಜ್ಞರು ಅಕ್ಷರದ ರೂಪವನ್ನು, ತಿಥಿವಾರಗಳ ಹೊಂದಿಕೆಯನ್ನು, ವಂಶಾವಳಿಯನ್ನು ಒಂದೊಂದಾಗಿ ತಾಳೆ ನೋಡುತ್ತಾರೆ. ತಾಮ್ರದ ಮೇಲೆ ಕೊರೆದದ್ದೆಂಬ ಕಾರಣಕ್ಕೆ ಯಾವುದನ್ನೂ ನಂಬುವುದಿಲ್ಲ. ನಮಗಾದರೋ ಸಂದೇಶದ ಜೊತೆಗೆ ಒಂದು ಚಿತ್ರವಿದ್ದರೆ ಸಾಕು, ನಂಬಿಕೆ ಬಂದುಬಿಡುತ್ತದೆ.

ಬರೆದದ್ದನ್ನು ಹಂಚುವ ವಿಷಯಕ್ಕೆ ಬರೋಣ. ಗದಗಿನ ಸಮೀಪದ ಲಕ್ಕುಂಡಿಯಲ್ಲಿ 1007ರ ಶಾಸನವೊಂದು ದಾನಚಿಂತಾಮಣಿ ಅತ್ತಿಮಬ್ಬೆಯನ್ನು ಕೊಂಡಾಡುತ್ತದೆ. ಪೊನ್ನ ಕವಿಯ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಮಹಾತಾಯಿ ಅವಳು. ಮುದ್ರಣ ಯಂತ್ರವಿಲ್ಲದ ಕಾಲವದು. ತಾಳೆಗರಿಯನ್ನು ಹದಮಾಡಿ, ಕಂಠದಿಂದ ಅಕ್ಷರ ಕೊರೆದು, ಮಸಿ ತುಂಬಿ ಸಾವಿರ ಸಲ ಅದೇ ಕಾವ್ಯವನ್ನು ಬರೆಯಬೇಕಿತ್ತು. ಅಷ್ಟು ಶ್ರಮ, ಅಷ್ಟು ಹಣ ಬೇಡುವ ಕೆಲಸಕ್ಕೆ ಕೈಹಾಕುವ ಮುನ್ನ ಅವಳು ಯಾವ ಕೃತಿ ಅದಕ್ಕೆ ತಕ್ಕದ್ದೆಂದು ಆಲೋಚಿಸಿರಲೇಬೇಕು. ಇಂದು ಸಾವಿರ ಪ್ರತಿ ಮಾಡಲು ನಮಗೆ ಒಂದು ಕ್ಷಣ ಸಾಕು. ಆದ್ದರಿಂದಲೇ ಆ ಆಲೋಚನೆಯೂ ಮಾಯವಾಗಿದೆ.

ಬರಹವು ಕೈತಪ್ಪಿ ಹೋಗುವುದಕ್ಕೆ ನರಗುಂದದ ಇತಿಹಾಸ ಸಾಕ್ಷಿ. ಅಲ್ಲಿಯ ಸಂಸ್ಥಾನಿಕ ಭಾಸ್ಕರರಾವ್ ಭಾವೆ, ಜನರ ಬಾಯಲ್ಲಿ ಬಾಬಾಸಾಹೇಬ, ವಿದ್ಯಾಪ್ರೇಮಿ. ಸಂಸ್ಕೃತ ಗ್ರಂಥಗಳ ದೊಡ್ಡ ಭಂಡಾರವನ್ನೇ ಕೂಡಿಸಿದ್ದವನು. ಕಂಪನಿ ಸರ್ಕಾರವು ದತ್ತು ಸ್ವೀಕಾರಕ್ಕೆ ಒಪ್ಪದಿದ್ದಾಗ, ಆಯುಧಗಳನ್ನು ಕಸಿದುಕೊಳ್ಳತೊಡಗಿದಾಗ ಅವನ ಮನಸ್ಸು ಬೆಂದಿತು. ಅವನು ರಾಮದುರ್ಗದ ತನ್ನ ಮಲಸೋದರನಿಗೆ ಬರೆದ ಪತ್ರವೊಂದನ್ನು ಆ ಸೋದರನು ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ನನಿಗೆ ತೋರಿಸಿದನೆಂದು ಆಂಗ್ಲ ಇತಿಹಾಸಕಾರರು ದಾಖಲಿಸಿದ್ದಾರೆ. 1858ರ ಮೇ 29ರ ರಾತ್ರಿ ಮ್ಯಾನ್ಸನ್ ಸುರೇಬಾನದಲ್ಲಿ ಹತನಾದನು. ಜೂನ್ ಆರಂಭದಲ್ಲಿ ನರಗುಂದದ ಕೋಟೆ ಬಿದ್ದಿತು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಲಾಯಿತು. ಒಂದು ಪತ್ರವೇ ಇದೆಲ್ಲಕ್ಕೂ ಕಾರಣವೆಂದರೆ ಆ ವೀರನಿಗೆ ಅಪಚಾರವಾದೀತು. ಆದರೆ ಒಬ್ಬರ ಕಣ್ಣಿಗೆಂದು ಬರೆದದ್ದು ಮೂರನೆಯವರ ಕೈಸೇರುವುದು ಎಷ್ಟು ಸುಲಭವೆಂಬುದನ್ನು ಈ ಪ್ರಸಂಗ ಕಲಿಸುತ್ತದೆ.

ಈಗ ನಮ್ಮ ಕಾಲಕ್ಕೆ ಬನ್ನಿರಿ. 2012ರ ಆಗಸ್ಟ್ ತಿಂಗಳಲ್ಲಿ ಮೊಬೈಲಿನ ವದಂತಿಗಳಿಗೆ ಹೆದರಿ ಈಶಾನ್ಯ ಭಾರತದ ಸಾವಿರಾರು ಜನ ಬೆಂಗಳೂರಿನಿಂದ ರೈಲು ಹತ್ತಿ ಊರು ಬಿಟ್ಟರು. 2018ರ ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ ಹೈದರಾಬಾದಿನ ಕೆಲವು ತರುಣರು ದಾರಿಯಲ್ಲಿ ಕಂಡ ಮಕ್ಕಳಿಗೆ ಚಾಕೊಲೇಟು ಕೊಟ್ಟರು. ಮಕ್ಕಳ ಕಳ್ಳರೆಂಬ ಸಂದೇಶ ವಾಟ್ಸ್‌ಆ್ಯಪಿನಲ್ಲಿ ಹರಿದು, ಅವರ ಕಾರಿಗಿಂತ ಮುಂಚೆಯೇ ಮುರ್ಕಿ ಗ್ರಾಮವನ್ನು ತಲುಪಿತು. ಜನರು ದಾರಿಗೆ ಅಡ್ಡಗಟ್ಟಿ ಹೊಡೆದರು; ತರುಣ ಎಂಜಿನಿಯರನೊಬ್ಬ ಪ್ರಾಣ ಕಳೆದುಕೊಂಡನು. ಅದೇ ತಿಂಗಳು ವಾಟ್ಸ್‌ಆ್ಯಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ರವಾನಿಸುವ ಮಿತಿಯನ್ನು ಪ್ರಕಟಿಸಿತು. ಯಂತ್ರಕ್ಕೆ ಲಗಾಮು ಬಿದ್ದಿತು. ಆದರೆ ಆ ಐದು ಮಂದಿಗೆ ಏನನ್ನು ಕಳುಹಿಸಬೇಕೆಂಬುದು ನಮ್ಮ ಆತ್ಮಸಾಕ್ಷಿಗೇ ಉಳಿಯಿತು.

ಇತರರಿಗೆ ಬುದ್ಧಿ ಹೇಳುವ ಮುನ್ನ ನನ್ನ ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. ಮಗುವೊಂದು ಕಾಣೆಯಾಗಿದೆ ಎಂಬ ಸಂದೇಶವನ್ನು ಒಂದು ಸಂಜೆ ಮರುಕದಿಂದ ಹಲವರಿಗೆ ಕಳುಹಿಸಿದೆ. ಮರುದಿನ ಅದರಲ್ಲಿದ್ದ ಸಂಖ್ಯೆಗೆ ಕರೆ ಮಾಡಿದೆ. "ಮಗು ಮೂರು ವರ್ಷದ ಹಿಂದೆಯೇ ಸಿಕ್ಕಿತು, ಸ್ವಾಮಿ. ಫೋನು ಮಾತ್ರ ಇನ್ನೂ ನಿಂತಿಲ್ಲ" ಎಂದಿತು ದಣಿದ ತಂದೆಯ ದನಿ. ಕರೆಯನ್ನು ಮೊದಲೇ ಮಾಡಬಹುದಿತ್ತು. ನನ್ನ ಕರುಣೆಗೆ ಎರಡು ನಿಮಿಷದ ತಾಳ್ಮೆ ಇರಲಿಲ್ಲ. ನಾನು ಕಳುಹಿಸಿದವರಿಗೆಲ್ಲ ತಿದ್ದುಪಡಿಯನ್ನು ಬರೆದೆ. ಅವರು ಮುಂದೆ ಯಾರಿಗೆ ದಾಟಿಸಿದ್ದರೋ ಅವರನ್ನು ತಲುಪುವ ದಾರಿ ನನಗಿರಲಿಲ್ಲ.

ಪೋಪ್ ಫ್ರಾನ್ಸಿಸರು 2018ರ ವಿಶ್ವ ಸಂಪರ್ಕ ದಿನದ ಸಂದೇಶವನ್ನು ಸುಳ್ಳುಸುದ್ದಿಯ ವಿಷಯಕ್ಕೇ ಮೀಸಲಿಟ್ಟರು. ಆ ಎಚ್ಚರ ಮನೆಯಿಂದಲೇ ಆರಂಭವಾಗಲಿ. ಕಳುಹಿಸುವ ಮುನ್ನ ಶಾಸನದ ಆ ಹಳೆಯ ಪ್ರಶ್ನೆಗಳನ್ನು ಕೇಳಿಕೊಳ್ಳಿರಿ: ಇದನ್ನು ಬರೆದವರು ಯಾರು? ಯಾವ ದಿನದ ಸಂಗತಿ? ಯಾವ ಊರಿನದು? ಇದರ ಕೆಳಗೆ ನನ್ನ ಹೆಸರನ್ನು ಬರೆದು ನಮ್ಮೂರ ನಡುವೆ ನಿಲ್ಲಿಸಬಲ್ಲೆನೇ? ಕೊನೆಯ ಪ್ರಶ್ನೆಗೆ ಮನಸ್ಸು ಹಿಂಜರಿದರೆ ಬೆರಳೂ ಹಿಂಜರಿಯಲಿ. ಮೊಬೈಲನ್ನು ನಮಗಿಂತ ಚೆನ್ನಾಗಿ ಬಲ್ಲ ಮಕ್ಕಳೊಡನೆ ಕುಳಿತು, ಬಂದ ಸಂದೇಶವೊಂದನ್ನು ಒಟ್ಟಿಗೆ ತಾಳೆ ನೋಡಿರಿ. ತಪ್ಪು ಕಳುಹಿಸಿದ್ದು ತಿಳಿದರೆ ನಾಚದೆ ತಿದ್ದಿರಿ.

ಮೌನವಾಗಿರಿ ಎಂದು ನಾನು ಹೇಳುತ್ತಿಲ್ಲ. ಅತ್ತಿಮಬ್ಬೆ ಮೌನವಾಗಿರಲಿಲ್ಲ, ಒಳ್ಳೆಯದನ್ನು ಆರಿಸಿ ಸಾವಿರ ಮನೆಗಳಿಗೆ ಮುಟ್ಟಿಸಿದಳು. ನೀವೂ ಬರೆಯಿರಿ, ಹಂಚಿರಿ. ಸೂಡಿಯ ಕಲ್ಲಿಗೆ ಉಳಿ ಇಟ್ಟವನು ಪ್ರತಿ ಅಕ್ಷರಕ್ಕೂ ಒಮ್ಮೆ ಕೈ ತಡೆದು ನೋಡಿರಬೇಕು. ಕಲ್ಲಿನ ಮೇಲೆ ಅಳಿಸುವಂತಿರಲಿಲ್ಲ. ಬೆರಳ ತುದಿಯಿಂದ ಹೊರಟದ್ದನ್ನೂ ಪೂರ್ತಿಯಾಗಿ ಅಳಿಸಲು ನಮ್ಮಿಂದಾಗದು.