ಮುಕ್ಕಾಲು ಮೂರುವೀಸ

ಪೂರ್ಣಾಂಕವೊಂದು ಭಿನ್ನದೊಡನೆ ಸೇರಿದ ರಾಶಿಯನ್ನು ಗಣಿತದ ಪುಸ್ತಕಗಳು ಮಿಶ್ರ ಭಿನ್ನರಾಶಿ ಎಂದು ಕರೆಯುತ್ತವೆ. ಆಡುನುಡಿಯು ಅದನ್ನೇ ಒಂದೂಕಾಲು, ಎರಡೂವರೆ, ಮೂರೂಮುಕ್ಕಾಲು ಎಂದು ಹೇಳಿ ಮುಗಿಸುತ್ತದೆ. ಈಚೆಗೆ ಫಲಕಗಳಲ್ಲಿಯೂ ಆಮಂತ್ರಣ ಪತ್ರಿಕೆಗಳಲ್ಲಿಯೂ ಕಾಣಿಸಿಕೊಳ್ಳುತ್ತಿರುವ 'ಒಂದುವರೆ', 'ಹತ್ತುವರೆ' ಎಂಬ ರೂಪಗಳನ್ನು ಕೇವಲ ಕಾಗುಣಿತದ ತಪ್ಪೆಂದು ಬಿಡುವಂತಿಲ್ಲ. ಏಕೆಂದರೆ ಅಲ್ಲಿ ಬಿದ್ದುಹೋಗಿರುವ ದೀರ್ಘವು 'ರಾಮನೂ ಭೀಮನೂ' ಎಂಬಲ್ಲಿ ಇಬ್ಬರನ್ನು ಕೂಡಿಸುವ ಊಕಾರವೇ ಆಗಿದ್ದು, ಅದು ಹೋದರೆ ಕೂಡುವ ಚಿಹ್ನೆಯೇ ಅಳಿಸಿಹೋದಂತಾಗುತ್ತದೆ. ಬೀಜಗಣಿತದಲ್ಲಿ ಒತ್ತಾಗಿ ಬರೆದುದೆಲ್ಲ ಗುಣಾಕಾರವೆಂದು ಕಲಿತ ವಿದ್ಯಾರ್ಥಿಯು 2½ ಎಂಬುದನ್ನು ಎರಡರ ಅರ್ಧವೆಂದು ಓದದಂತೆ ತಡೆಯುವುದು, ಬರಹದಲ್ಲಿ ಕಾಣದಿದ್ದರೂ ಕಿವಿಗೆ ಕೇಳಿಸುವ ಈ ಊಕಾರವೇ.

ಅಮೋಘವರ್ಷ ನೃಪತುಂಗನ ಕಾಲದ, ಎಂದರೆ 9ನೆಯ ಶತಮಾನದ, ಮಹಾವೀರಾಚಾರ್ಯನು ತನ್ನ 'ಗಣಿತಸಾರಸಂಗ್ರಹ'ದಲ್ಲಿ ಭಿನ್ನವನ್ನು ಕೂಡಿಸಿದ ರಾಶಿಯನ್ನು ಭಾಗಾನುಬಂಧವೆಂದೂ ಭಿನ್ನವನ್ನು ಕಳೆದ ರಾಶಿಯನ್ನು ಭಾಗಾಪವಾಹವೆಂದೂ ಬೇರ್ಪಡಿಸಿದ್ದಾನೆ. ಮರಾಠಿಯು ಎರಡನೆಯ ದಾರಿ ಹಿಡಿದು ಒಂದೂಮುಕ್ಕಾಲನ್ನು ಎರಡಕ್ಕೆ ಕಾಲು ಕಡಿಮೆ ಎಂಬರ್ಥದಲ್ಲಿ 'ಪೌಣೆ ದೋನ್' ಎನ್ನುತ್ತದೆ. ಕನ್ನಡದ ಭಿನ್ನಗಳಾದರೋ ಕಳೆಯಲು ಒಲ್ಲವು, ಕೂಡಿಯೇ ಮುಂದೆ ಸಾಗುತ್ತವೆ.

'ಬಹುಪಾಲು' ಎಂಬರ್ಥದ 'ಮುಕ್ಕಾಲು ಮೂರುವೀಸ' ಎಂಬ ನುಡಿಗಟ್ಟು ಈ ಮಾತಿಗೆ ಗಟ್ಟಿ ಸಾಕ್ಷಿ. ವೀಸವೆಂದರೆ ಒಂದರ ಹದಿನಾರನೆಯ ಪಾಲು. 'ಒಂದಕ್ಕೆ ವೀಸ ಕಡಿಮೆ' ಎಂದರೆ ಸಾಕಾಗುತ್ತಿದ್ದ ಕಡೆ, ಮುಕ್ಕಾಲನ್ನು ಹನ್ನೆರಡು ವೀಸವಾಗಿ ಒಡೆದು, ಅದಕ್ಕೆ ಮೂರನ್ನು ಸೇರಿಸಿ, ಹದಿನೈದಕ್ಕೆ ಮುಟ್ಟಿಸುವ ಶ್ರಮವನ್ನು ಈ ನುಡಿ ಕೈಗೊಂಡಿದೆ. ಭಿನ್ನದ ಕೆಳಗಿನ ಅಂಕಿಗಳನ್ನು, ಎಂದರೆ ಛೇದಗಳನ್ನು, ಒಂದೇ ಅಳತೆಗೆ ತರುವ ಕ್ರಮವೆಂದು ಶಾಲೆಯಲ್ಲಿ ಕಲಿಸುವುದೂ ಇದನ್ನೇ: ಒಂದೂಮುಕ್ಕಾಲಿಗೆ ಎರಡೂವರೆಯನ್ನು ಕೂಡಬೇಕಾದಾಗ ಮೊದಲನೆಯದು ಏಳು ಕಾಲು, ಎರಡನೆಯದು ಹತ್ತು ಕಾಲು, ಒಟ್ಟು ಹದಿನೇಳು ಕಾಲು, ಎಂದರೆ ನಾಲ್ಕೂಕಾಲು. ಧಾನ್ಯದ ಪಾಲನ್ನು ಅಳೆದು ಲೆಕ್ಕವಿಡುತ್ತಿದ್ದವರ ಬಾಯಲ್ಲಿಯೇ ಈ ನುಡಿಗಟ್ಟು ಹುಟ್ಟಿರಬೇಕು. ಸುಮ್ಮನೆ ಉತ್ಪ್ರೇಕ್ಷೆ ಮಾಡುವವರಿಗೆ ಹದಿನಾರರಲ್ಲಿ ಒಂದು ಪಾಲನ್ನು ಹೊರಗಿಡುವ ಎಚ್ಚರ ಎಲ್ಲಿಂದ ಬಂದೀತು?

1957ರಲ್ಲಿ ದಶಮಾಂಶ ನಾಣ್ಯಪದ್ಧತಿ ಬಂದು ರೂಪಾಯಿಯ ಹದಿನಾರಾಣೆ ಹೋದರೂ 'ಹದಿನಾರಾಣೆ ಸತ್ಯ' ಎಂಬ ಮಾತು ಉಳಿದುಕೊಂಡಿತು. ಹದಿನೈದರ ಮಾತು ಮಾತ್ರ ಸೊರಗಿ, ಅದರ ಜಾಗಕ್ಕೆ 'ತೊಂಬತ್ತೊಂಬತ್ತು ಪರ್ಸೆಂಟ್' ಬಂದು ಕುಳಿತಿದೆ. ಹಳೆಯ ನುಡಿಗಟ್ಟು ಶೇಕಡ 93.75ಕ್ಕೆ ನಿಂತು, ಉಳಿದುದನ್ನು ಆಗಂತುಕ ಅಡಚಣೆಗೂ ಎದುರಿನವರ ಅಭಿಪ್ರಾಯಕ್ಕೂ ಬಿಟ್ಟುಕೊಡುತ್ತಿತ್ತು. ತೊಂಬತ್ತೊಂಬತ್ತು ಪರ್ಸೆಂಟ್ ಎನ್ನುವವನು ಸಾಮಾನ್ಯವಾಗಿ ಯಾವ ಲೆಕ್ಕವನ್ನೂ ಮಾಡಿರುವುದಿಲ್ಲ. ಮುಕ್ಕಾಲು ಮೂರುವೀಸ ಎಂದವನು ಕಡೆಯ ಪಕ್ಷ ಛೇದಗಳನ್ನಾದರೂ ಸಮಮಾಡಿರುತ್ತಿದ್ದನು.