ವಾರಕ್ಕೊಂದು ಪೆನ್ನಿ, ವಾರಕ್ಕೊಂದು ಭೇಟಿ

ಸಭೆ ತನ್ನ ಸದಸ್ಯರನ್ನು ಹೇಗೆ ನೋಡಿಕೊಳ್ಳಬೇಕು ಎಂಬ ಪ್ರಶ್ನೆ ಕ್ರೈಸ್ತ ಧರ್ಮದಷ್ಟೇ ಹಳೆಯದು. ಒಬ್ಬರ ಹೊರೆಗೆ ಮತ್ತೊಬ್ಬರು ಹೆಗಲು ಕೊಡಬೇಕೆಂದು ಸಂತ ಪೌಲ ಮೊದಲ ಶತಮಾನದಲ್ಲೇ ಬರೆದಿದ್ದ. ಆದರೆ ನೂರಾರು ಮಂದಿ ಸೇರುವ ಸಭೆಯಲ್ಲಿ ಯಾರ ಹೊರೆ ಎಷ್ಟೆಂದು ತಿಳಿಯುವುದು ಹೇಗೆ? ಭಾನುವಾರ ಬಂದು, ಹಾಡಿ, ಉಪದೇಶ ಕೇಳಿ ಹೋದವನ ಮನೆಯಲ್ಲಿ ಒಲೆ ಉರಿಯುತ್ತಿದೆಯೇ, ಕಾಯಿಲೆ ಮಲಗಿದವರಿದ್ದಾರೆಯೇ ಎಂಬುದು ವೇದಿಕೆಯ ಮೇಲೆ ನಿಂತ ಪಾದ್ರಿಗೆ ಕಾಣುವುದಿಲ್ಲ. 18ನೇ ಶತಮಾನದ ಇಂಗ್ಲೆಂಡಿನಲ್ಲಿ ಈ ಪ್ರಶ್ನೆಗೆ ಒಂದು ಉತ್ತರ ಸಿಕ್ಕಿತು. ವಿಚಿತ್ರವೆಂದರೆ, ಆ ದಿನ ಅದನ್ನು ಹುಡುಕುತ್ತಿದ್ದವರು ಯಾರೂ ಇರಲಿಲ್ಲ. ಅಲ್ಲಿ ಸೇರಿದ್ದವರ ಚಿಂತೆ ಕಟ್ಟಡದ ಸಾಲ ತೀರಿಸುವುದು ಹೇಗೆ ಎಂಬುದಾಗಿತ್ತು.

ಈ ಕಥೆಯ ಕೇಂದ್ರದಲ್ಲಿರುವವನು ಜಾನ್ ವೆಸ್ಲಿ (1703–1791). ಆಂಗ್ಲಿಕನ್ ಪಾದ್ರಿಯ ಮಗ, ತಾನೂ ಆಂಗ್ಲಿಕನ್ ಪಾದ್ರಿ. ಆಕ್ಸ್‌ಫರ್ಡ್‌ನಲ್ಲಿದ್ದಾಗ ತಮ್ಮ ಚಾರ್ಲ್ಸ್ ಮತ್ತು ಕೆಲವು ಗೆಳೆಯರೊಂದಿಗೆ ಸೇರಿ ಹೊತ್ತು ಗೊತ್ತು ತಪ್ಪದೆ ಪ್ರಾರ್ಥನೆ, ಅಧ್ಯಯನ, ಸೆರೆಮನೆಯ ಭೇಟಿಗಳನ್ನು ನಡೆಸುತ್ತಿದ್ದ. ಈ ಕಟ್ಟುನಿಟ್ಟನ್ನು ಕಂಡು ಸಹಪಾಠಿಗಳು ಗೇಲಿಗಾಗಿ ಇಟ್ಟ ಹೆಸರು ‘ಮೆಥಡಿಸ್ಟ್’. ಕೊನೆಗೆ ಅದೇ ಉಳಿಯಿತು. ಕರ್ನಾಟಕಕ್ಕೂ ಈ ಹೆಸರು ಹೊಸದೇನಲ್ಲ. 1821ರಲ್ಲಿ ಬೆಂಗಳೂರಿಗೆ ಬಂದು, ಮುಂದೆ ಗುಬ್ಬಿ, ಮೈಸೂರುಗಳಿಗೆ ಹರಡಿದ ವೆಸ್ಲಿಯನ್ ಮಿಷನ್ ಈ ಪರಂಪರೆಯದೇ. 1887ರಲ್ಲಿ ಮೈಸೂರಿನಿಂದ ಹೊರಟ ‘ವೃತ್ತಾಂತ ಪತ್ರಿಕೆ’ ಅವರದು. 1906ರಲ್ಲಿ ಅಲ್ಲಿ ಆರಂಭವಾದ, ಜನ ‘ಮಿಷನ್ ಆಸ್ಪತ್ರೆ’ ಎಂದೇ ಕರೆಯುವ ಆಸ್ಪತ್ರೆಯೂ ಅವರದೇ. 1947ರಲ್ಲಿ ಈ ಸಭೆಗಳು ದಕ್ಷಿಣ ಭಾರತ ಸಭೆಯಲ್ಲಿ ವಿಲೀನವಾದವು.

1739ರ ಏಪ್ರಿಲ್‌ನಲ್ಲಿ ವೆಸ್ಲಿ ಬ್ರಿಸ್ಟಲ್ ನಗರದಲ್ಲಿ ಬಯಲಿನಲ್ಲಿ ನಿಂತು ಉಪದೇಶ ಮಾಡತೊಡಗಿದ. ಚರ್ಚಿನ ಗೋಡೆಗಳ ಹೊರಗೆ ಉಪದೇಶ ಮಾಡುವುದು ಅಂದಿನ ಮರ್ಯಾದಸ್ಥರ ಕಣ್ಣಿಗೆ ಅಸಭ್ಯವೇ. ಆದರೆ ನಗರದ ಪಕ್ಕದ ಕಿಂಗ್ಸ್‌ವುಡ್‌ನ ಕಲ್ಲಿದ್ದಲು ಗಣಿಯ ಕೂಲಿಗಳು ಚರ್ಚಿನ ಬಾಗಿಲಿಗೆ ಬರುವವರಲ್ಲ; ಅವರಿದ್ದಲ್ಲಿಗೆ ಹೋಗಬೇಕಿತ್ತು. ಕೇಳಲು ಬಂದವರಲ್ಲಿ ಮನಸ್ಸು ಮಾಡಿದವರು ಸೇರಿ ‘ಸೊಸೈಟಿ’ ಎಂಬ ಸಂಘ ಕಟ್ಟಿಕೊಂಡರು. ಇದು ಬೇರೆ ಚರ್ಚ್ ಅಲ್ಲ, ಇಂಗ್ಲೆಂಡಿನ ಚರ್ಚಿನೊಳಗೇ ಇರುವ ಕೂಟ ಎಂದು ವೆಸ್ಲಿ ಕೊನೆಯವರೆಗೂ ಹೇಳುತ್ತಲೇ ಇದ್ದ. ಸಂಘಕ್ಕೆ ಜಾಗ ಬೇಕಾಯಿತು. ಅದೇ ವರ್ಷ ಬ್ರಿಸ್ಟಲ್‌ನಲ್ಲಿ ‘ನ್ಯೂ ರೂಮ್’ ಎಂಬ ಕಟ್ಟಡ ಎದ್ದಿತು. ಜತೆಗೆ ಸಾಲವೂ ಬೆಳೆಯಿತು.

1742ರ ಫೆಬ್ರುವರಿ 15ರಂದು ಸಾಲದ ಬಗ್ಗೆ ಮಾತನಾಡಲು ಸಂಘದ ಪ್ರಮುಖರು ಸೇರಿದರು. ಕ್ಯಾಪ್ಟನ್ ಫಾಯ್ ಎಂಬಾತ, ಸಾಲ ತೀರುವವರೆಗೆ ಪ್ರತಿ ಸದಸ್ಯನೂ ವಾರಕ್ಕೆ ಒಂದು ಪೆನ್ನಿ ಕೊಡಲಿ ಎಂದ. ಹನ್ನೆರಡು ಪೆನ್ನಿಗೆ ಒಂದು ಶಿಲ್ಲಿಂಗ್; ಕೂಲಿಯವನಿಗೆ ದಿನಕ್ಕೆ ಒಂದು ಶಿಲ್ಲಿಂಗಿನ ಆಸುಪಾಸು ಸಿಗುತ್ತಿದ್ದ ಕಾಲ ಅದು. ಬಡವರು ಬಹಳ ಮಂದಿ ಇದ್ದಾರೆ, ಅವರಿಂದ ಅದೂ ಆಗದು ಎಂದು ಒಬ್ಬರು ತಕರಾರು ತೆಗೆದರು. ಹಾಗಾದರೆ ಅತಿ ಬಡವರಾದ ಹನ್ನೊಂದು ಮಂದಿಯನ್ನು ನನ್ನ ಪಾಲಿಗೆ ಹಾಕಿ, ವಾರಕ್ಕೊಮ್ಮೆ ನಾನೇ ಅವರ ಮನೆಗೆ ಹೋಗುತ್ತೇನೆ, ಕೊಡಲಾಗದವರದನ್ನು ನಾನೇ ತುಂಬುತ್ತೇನೆ, ನೀವೂ ತಲಾ ಹನ್ನೊಂದು ಮಂದಿಯನ್ನು ವಹಿಸಿಕೊಳ್ಳಿ ಎಂದು ಫಾಯ್ ಉತ್ತರ ಕೊಟ್ಟ. ಮಾತು ಅಲ್ಲಿಗೆ ಮುಗಿಯಿತು. ಹನ್ನೆರಡು ಹನ್ನೆರಡು ಮಂದಿಯ ಗುಂಪುಗಳಾದವು. ಅವಕ್ಕೆ ‘ಕ್ಲಾಸ್’ ಎಂದು ಹೆಸರು. ಪಾಠದ ತರಗತಿಗೂ ಇದಕ್ಕೂ ಸಂಬಂಧವಿಲ್ಲ, ವಿಭಾಗ ಎಂಬಷ್ಟೇ ಅರ್ಥ.

ಹಣಕ್ಕಾಗಿ ಬಾಗಿಲು ತಟ್ಟಿದವರಿಗೆ ಬಾಗಿಲಾಚೆ ಬೇರೆಯದೇ ಕಂಡಿತು. ಒಬ್ಬನ ಮನೆಗೆ ಹೋದರೆ ಅವನು ಕುಡಿದಿದ್ದಾನೆ. ಇನ್ನೊಂದು ಮನೆಯಲ್ಲಿ ಗಂಡ ಹೆಂಡಿರ ಜಗಳ. ವಸೂಲಿಗೆ ಹೋದವರು ಇದನ್ನು ವೆಸ್ಲಿಗೆ ವರದಿ ಮಾಡಿದರು. ತನಗೆ ಇಷ್ಟು ದಿನ ಬೇಕಾಗಿದ್ದುದು ಇದೇ ಎಂದು ಅವನಿಗೆ ಥಟ್ಟನೆ ಹೊಳೆಯಿತು. ಸಾವಿರಾರು ಜನರಿಗೆ ಉಪದೇಶ ಮಾಡಿ ಕುದುರೆಯೇರಿ ಮುಂದಿನ ಊರಿಗೆ ಹೊರಡುವವನು ಅವನು. ಹಿಂದೆ ಉಳಿದವರು ಹೇಗಿದ್ದಾರೆಂದು ನೋಡುವ ಕಣ್ಣು ಅವನಿಗಿರಲಿಲ್ಲ. ಈಗ ಪ್ರತಿ ಬೀದಿಯಲ್ಲೂ ಒಬ್ಬೊಬ್ಬರು ಸಿಕ್ಕಿದಂತಾಯಿತು. ಒಂದೂವರೆ ತಿಂಗಳೊಳಗೆ ಲಂಡನ್ನಿನಲ್ಲೂ ಇದೇ ಪದ್ಧತಿ ಜಾರಿಗೆ ಬಂತು.

ಮೊದಲು ಗುಂಪಿನ ಮುಂದಾಳು ಮನೆಮನೆಗೆ ಹೋಗುತ್ತಿದ್ದ. ಅದು ಬಹಳ ಕಾಲ ನಡೆಯಲಿಲ್ಲ. ಹನ್ನೊಂದು ಮನೆ ಸುತ್ತಲು ದುಡಿಯುವವನಿಗೆ ಸಮಯವೆಲ್ಲಿ? ಸದಸ್ಯರಲ್ಲಿ ಎಷ್ಟೋ ಮಂದಿ ಮನೆಗೆಲಸದವರು. ತಮ್ಮ ಆಳಿನೊಡನೆ ಯಾರೋ ಬಂದು ಏಕಾಂತವಾಗಿ ಮಾತಾಡುವುದನ್ನು ಯಜಮಾನರು ಒಪ್ಪುತ್ತಿರಲಿಲ್ಲ. ಆದ್ದರಿಂದ ವಾರಕ್ಕೊಮ್ಮೆ ಗುಂಪಿನವರೆಲ್ಲ ಒಂದೆಡೆ ಸೇರುವ ರೂಢಿ ಬಂತು. ಹಾಡು, ಪ್ರಾರ್ಥನೆ, ಬಳಿಕ ಒಬ್ಬೊಬ್ಬರಾಗಿ ಆ ವಾರ ತಮ್ಮ ಬದುಕು ಹೇಗೆ ನಡೆಯಿತೆಂದು ಹೇಳಿಕೊಳ್ಳುವುದು. 1743ರಲ್ಲಿ ಅಚ್ಚಾದ ನಿಯಮಗಳ ಪ್ರಕಾರ ಮುಂದಾಳಿನ ಕೆಲಸ ಬುದ್ಧಿ ಹೇಳುವುದು, ಗದರಿಸುವುದು, ಸಂತೈಸುವುದು, ಹುರಿದುಂಬಿಸುವುದು. ಬಡವರಿಗಾಗಿ ಕೊಟ್ಟದ್ದನ್ನು ಪಡೆಯುವುದು. ಕಾಯಿಲೆಯವರ ಸುದ್ದಿಯನ್ನೂ ದಾರಿ ತಪ್ಪಿದವರ ಸುದ್ದಿಯನ್ನೂ ವಾರವಾರ ಮೇಲಿನವರಿಗೆ ಮುಟ್ಟಿಸುವುದು. ಈ ಕೊನೆಯ ಎರಡು ಕೆಲಸ ಒಂದೇ ಉಸಿರಿನಲ್ಲಿ ಬಂದಿರುವುದನ್ನು ಗಮನಿಸಬೇಕು. ಆರೈಕೆ ಮತ್ತು ತಪಾಸಣೆ ಒಂದೇ ಕೈಯಲ್ಲಿದ್ದವು.

ಆರೈಕೆಯ ಕಡೆಯಿಂದ ನೋಡಿದರೆ ಈ ಬಡ ಸಂಘ ಮಾಡಿದ್ದು ಕಡಿಮೆಯಲ್ಲ. ಲಂಡನ್ನಿನಲ್ಲಿ ವೆಸ್ಲಿಯ ಕೇಂದ್ರವಾಗಿದ್ದುದು ‘ಫೌಂಡರಿ’. ಹಿಂದೆ ಫಿರಂಗಿ ಎರಕ ಹೊಯ್ಯುತ್ತಿದ್ದ ಪಾಳು ಕಟ್ಟಡ. ಅಲ್ಲಿಂದ 46 ಮಂದಿ ರೋಗಿಗಳನ್ನು ನೋಡಲು ಹೊರಟರು. ನಗರವನ್ನು 23 ಭಾಗ ಮಾಡಿ, ಭಾಗಕ್ಕೆ ಇಬ್ಬರಂತೆ, ಪ್ರತಿ ರೋಗಿಯನ್ನೂ ವಾರಕ್ಕೆ ಮೂರು ಬಾರಿ ಕಾಣಬೇಕೆಂಬ ಕಟ್ಟಳೆ. ಮೃದುವಾಗಿ ಮಾತಾಡಬೇಕು, ತಾಳ್ಮೆ ಇರಬೇಕು, ಮಾಡುವುದನ್ನು ಶುಚಿಯಾಗಿ ಮಾಡಬೇಕು, ಹೇಸಿಕೊಳ್ಳಬಾರದು. ಈ ಕೊನೆಯ ಮಾತನ್ನು ಸೇರಿಸಿದವರಿಗೆ ರೋಗಿಯ ಕೋಣೆಯ ಅನುಭವ ಚೆನ್ನಾಗಿಯೇ ಇದ್ದಿರಬೇಕು. 1746ರಲ್ಲಿ ಅಲ್ಲೇ ಉಚಿತ ಔಷಧಾಲಯ ತೆರೆಯಿತು. ಐದು ತಿಂಗಳಲ್ಲಿ 500ಕ್ಕೂ ಹೆಚ್ಚು ಮಂದಿ ಔಷಧಿ ಪಡೆದರು. ಬಂದವರು ಸಂಘದ ಸದಸ್ಯರೇ ಎಂದು ತಾನು ಕೇಳಲಿಲ್ಲವೆಂದು ವೆಸ್ಲಿ ಬರೆದಿದ್ದಾನೆ. ಪಕ್ಕದಲ್ಲೇ ಎರಡು ಮನೆಗಳನ್ನು ಹಿಡಿದು ವೃದ್ಧ ವಿಧವೆಯರಿಗೆ ಆಸರೆ ಕೊಟ್ಟರು. ಲಂಡನ್ನಿನಲ್ಲಿದ್ದಾಗ ವೆಸ್ಲಿಯೂ ಇತರ ಬೋಧಕರೂ ಅವರ ಜತೆ ಅದೇ ಮೇಜಿನಲ್ಲಿ, ಅದೇ ಊಟವನ್ನು ಉಣ್ಣುತ್ತಿದ್ದರು.

ಇವುಗಳಲ್ಲಿ ಇಂದಿನವರ ಕುತೂಹಲ ಕೆರಳಿಸುವುದು ಸಾಲದ ನಿಧಿ. ಸಣ್ಣ ಕಸುಬುದಾರನಿಗೆ ಕೈ ಕಟ್ಟಿದರೆ ಇದ್ದ ದಾರಿ ಗಿರವಿ ಅಂಗಡಿಯೊಂದೇ. 1746ರಲ್ಲಿ ವೆಸ್ಲಿ ಲಂಡನ್ನಿನಲ್ಲಿ ಮನೆಮನೆ ತಿರುಗಿ ಬೇಡಿ ಸುಮಾರು 50 ಪೌಂಡು ಕೂಡಿಸಿದ. ಒಬ್ಬರಿಗೆ 20 ಶಿಲ್ಲಿಂಗ್‌ವರೆಗೆ ಸಾಲ. ಮೂರು ತಿಂಗಳೊಳಗೆ ವಾರದ ಕಂತುಗಳಲ್ಲಿ ತೀರಿಸಬೇಕು. ಈ ಪುಟ್ಟ ಮೊತ್ತವೇ ಸುತ್ತಿ ಸುತ್ತಿ ಒಂದು ವರ್ಷದಲ್ಲಿ 250 ಮಂದಿಗೆ ನೆರವಾಯಿತು. ಮುಂದೆ ಸಾಲದ ಮಿತಿ ಐದು ಪೌಂಡಿಗೆ ಏರಿತು. ಹಾಗೆ ಐದು ಪೌಂಡು ಪಡೆದವರಲ್ಲಿ ಜೇಮ್ಸ್ ಲ್ಯಾಕಿಂಗ್ಟನ್ ಎಂಬ ಚಮ್ಮಾರ ಒಬ್ಬ. ಚಪ್ಪಲಿ ಹೊಲಿಯುತ್ತ ಹಳೆ ಪುಸ್ತಕ ಮಾರಲು ಶುರುಮಾಡಿದ್ದವನು ಆ ಹಣದಿಂದ ಅಂಗಡಿ ಬೆಳೆಸಿ, ಲಂಡನ್ನಿನ ಅತಿ ದೊಡ್ಡ ಪುಸ್ತಕ ವ್ಯಾಪಾರಿಗಳಲ್ಲಿ ಒಬ್ಬನಾದ. 1791ರಲ್ಲಿ ಆತ್ಮಕಥೆ ಬರೆದು ಅದರಲ್ಲಿ ಮೆಥಡಿಸ್ಟರನ್ನು ಮನಸಾರೆ ಹಂಗಿಸಿದ. 1804ರಲ್ಲಿ ಇನ್ನೊಂದು ಪುಸ್ತಕ ಬರೆದು, ಹಾಗೆ ಬರೆದದ್ದಕ್ಕೆ ಪಶ್ಚಾತ್ತಾಪಪಟ್ಟ. ಕೊನೆಗಾಲದಲ್ಲಿ ಅವರಿಗೇ ಪ್ರಾರ್ಥನಾ ಮಂದಿರ ಕಟ್ಟಿಸಿಕೊಟ್ಟ. ಸಾಲ ಕೊಟ್ಟವರಿಗೆ ಇದಕ್ಕಿಂತ ಹೆಚ್ಚಿನ ಬಡ್ಡಿ ಯಾವ ಗಿರವಿ ಅಂಗಡಿಯಲ್ಲೂ ಸಿಕ್ಕಿರಲಾರದು.

ಹೆಂಗಸರ ಪಾಲಿಗೂ ಈ ಗುಂಪುಗಳು ಒಂದು ಬಾಗಿಲು ತೆರೆದವು. ಚರ್ಚಿನಲ್ಲಿ ಬಾಯಿ ತೆರೆಯುವ ಅಧಿಕಾರವಿಲ್ಲದ ಕಾಲದಲ್ಲಿ ಅವರು ಗುಂಪಿನ ಮುಂದಾಳಾಗಬಹುದಿತ್ತು, ಬಹಳ ಮಂದಿ ಆದರೂ ಕೂಡ. 1761ರ ಫೆಬ್ರುವರಿಯಲ್ಲಿ ಡರ್ಬಿ ಪಟ್ಟಣದಲ್ಲಿ ಸಾರಾ ಕ್ರಾಸ್ಬಿ ಎಂಬಾಕೆ ಸುಮಾರು 30 ಮಂದಿಯ ಗುಂಪು ನಡೆಸಲೆಂದು ಹೋದರೆ 200ರಷ್ಟು ಜನ ಸೇರಿದ್ದರು. ಒಬ್ಬೊಬ್ಬರನ್ನೂ ವಿಚಾರಿಸುವುದು ಸಾಧ್ಯವಿಲ್ಲದೆ ಆಕೆ ಎಲ್ಲರನ್ನೂ ಉದ್ದೇಶಿಸಿ ಮಾತನಾಡಿದಳು. ಅಂದರೆ ಉಪದೇಶವನ್ನೇ ಮಾಡಿದಂತಾಯಿತು. ಅಳುಕಿನಿಂದ ವೆಸ್ಲಿಗೆ ಬರೆದಾಗ, ಮಿತಿ ಮೀರಿದ್ದೇನೂ ಇಲ್ಲ ಎಂದು ಅವನು ಉತ್ತರಿಸಿದ.

ಇನ್ನು ತಪಾಸಣೆಯ ಮುಖ. ಮೂರು ತಿಂಗಳಿಗೊಮ್ಮೆ ವೆಸ್ಲಿ ಅಥವಾ ಅವನ ಸಹಾಯಕ ಬೋಧಕ ಬಂದು ಗುಂಪುಗಳನ್ನು ವಿಚಾರಿಸುತ್ತಿದ್ದ. ಸರಿಯಿದ್ದವರಿಗೆ ಅಚ್ಚು ಹಾಕಿದ ಪುಟ್ಟ ಚೀಟಿ. ಚೀಟಿ ಸಿಗದವನು ಸದಸ್ಯನಲ್ಲ. ಗದ್ದಲವಿಲ್ಲದೆ ಒಬ್ಬನನ್ನು ಹೊರಗಿಡುವ ಉಪಾಯ ಇದು. 1743ರ ಮಾರ್ಚ್‌ನಲ್ಲಿ ನ್ಯೂಕಾಸಲ್‌ನಲ್ಲಿ ಹೀಗೆ ವಿಚಾರಣೆ ನಡೆದಾಗ 64 ಮಂದಿಯನ್ನು ಹೊರಹಾಕಲಾಯಿತು. ವೆಸ್ಲಿ ತನ್ನ ದಿನಚರಿಯಲ್ಲಿ ಕಾರಣಗಳನ್ನು ಲೆಕ್ಕದ ಪುಸ್ತಕದಂತೆ ಬರೆದಿಟ್ಟಿದ್ದಾನೆ: ಕುಡಿತಕ್ಕೆ 17, ಸುಳ್ಳಿಗೆ 3, ಹೆಂಡತಿಯನ್ನು ಹೊಡೆದದ್ದಕ್ಕೆ 1, ಸೋಮಾರಿತನಕ್ಕೆ 1, ಉಡಾಫೆ ಮತ್ತು ನಿರ್ಲಕ್ಷ್ಯಕ್ಕೆ 29. ಹೆಂಡತಿಯನ್ನು ಹೊಡೆಯುವವನನ್ನು ಹೊರಗಟ್ಟಿದ್ದು ಅಂದಿನ ಸಮಾಜದಲ್ಲಿ ಸಣ್ಣ ಮಾತಲ್ಲ. ಆದರೆ ಆ 29 ಮಂದಿ? ಮನಸ್ಸು ಹಗುರ ಎಂಬುದನ್ನು ಅಳೆದವರು ಯಾರು, ಯಾವ ತಕ್ಕಡಿಯಲ್ಲಿ?

ಅದೇ ಪುಟದಲ್ಲಿ ತಾವಾಗಿಯೇ ಬಿಟ್ಟುಹೋದ 76 ಮಂದಿಯ ಪಟ್ಟಿಯೂ ಇದೆ. ಓದಿದರೆ ಒಂದು ಊರೇ ಕಣ್ಣಮುಂದೆ ಬರುತ್ತದೆ. 12 ಮಂದಿಗೆ ಹೆತ್ತವರ ವಿರೋಧ. 9 ಮಂದಿಗೆ ಗಂಡನದೋ ಹೆಂಡತಿಯದೋ ವಿರೋಧ. 5 ಮಂದಿಯನ್ನು ಯಜಮಾನರು ಬಿಡಲಿಲ್ಲ. 9 ಮಂದಿಗೆ ಜನ ನಗುತ್ತಾರೆಂಬ ನಾಚಿಕೆ. ಬಡವರಿಗೆ ಸಿಗುತ್ತಿದ್ದ ಸಹಾಯಧನ ತಪ್ಪೀತೆಂಬ ಭಯ 3 ಮಂದಿಗೆ. ದೇವರ ಸೇವೆಗೆ ಇನ್ನೂ ಬೇಕಾದಷ್ಟು ಸಮಯವಿದೆ ಎಂದು ಹೋದವನು ಒಬ್ಬ. ಹೊರಹಾಕಿಸಿಕೊಂಡವರಿಗಿಂತ ಬಿಟ್ಟುಹೋದವರೇ ಹೆಚ್ಚು ಎಂಬುದನ್ನು ವೆಸ್ಲಿ ಮುಚ್ಚಿಡಲಿಲ್ಲ.

ಆಕ್ಷೇಪಗಳು ಒಳಗಿನಿಂದಲೂ ಬಂದವು. ನಾವು ಸೇರಿದಾಗ ಈ ಗುಂಪುಗಳೇ ಇರಲಿಲ್ಲ, ಈಗೇಕೆ ಎಂದು ಕೆಲವರು ಕೇಳಿದರು. ಬೈಬಲಿನಲ್ಲಿ ಇದೆಲ್ಲಿದೆ ಎಂದರು ಇನ್ನು ಕೆಲವರು. ಮುಂದಾಳುಗಳಿಗೆ ಈ ಕೆಲಸದ ಯೋಗ್ಯತೆಯಿಲ್ಲ ಎಂಬ ದೂರೂ ಇತ್ತು. ಬೇಕರಿಯವನು, ನೇಯ್ಗೆಯವನು, ಮನೆಗೆಲಸದಾಕೆ ಮತ್ತೊಬ್ಬರ ಆತ್ಮದ ಬಗ್ಗೆ ವಿಚಾರಿಸುವುದೆಂದರೆ ಸುಮ್ಮನೆ ಮಾತೇ? ಈ ದೂರಿಗೆ ವೆಸ್ಲಿ ಕೊಟ್ಟ ಉತ್ತರ ವ್ಯಾವಹಾರಿಕವಾದುದು. ಇದು ದೇವರು ವಿಧಿಸಿದ ಶಾಸನವಲ್ಲ, ವಿವೇಕದಿಂದ ಕಂಡುಕೊಂಡ ಉಪಾಯ. ಇದಕ್ಕಿಂತ ಒಳ್ಳೆಯದು ಸಿಕ್ಕರೆ ಬದಲಿಸೋಣ, ಅಯೋಗ್ಯ ಮುಂದಾಳಿದ್ದರೆ ತೋರಿಸಿ, ತೆಗೆಯೋಣ ಎಂದ. ಆದರೆ ಗುಂಪಿಗೆ ಬರದವನು ಸದಸ್ಯನಲ್ಲ ಎಂಬ ನಿಯಮವನ್ನು ಮಾತ್ರ ಬಿಡಲಿಲ್ಲ.

1791ರಲ್ಲಿ ವೆಸ್ಲಿ ತೀರಿಕೊಂಡಾಗ ಬ್ರಿಟನ್ ಮತ್ತು ಐರ್ಲೆಂಡುಗಳಲ್ಲಿ ಸೇರಿ ಮೆಥಡಿಸ್ಟರ ಸಂಖ್ಯೆ 70,000 ದಾಟಿತ್ತು. ಅಲ್ಲಿಂದ ಮುಂದೆ ಅವರು ಇಂಗ್ಲೆಂಡಿನ ಚರ್ಚಿನಿಂದ ಬೇರೆಯಾಗಿ ತಾವೇ ಒಂದು ಚರ್ಚ್ ಆದರು. ಪೆನ್ನಿ ಎಣಿಸುತ್ತಿದ್ದವರ ಮೊಮ್ಮಕ್ಕಳಲ್ಲಿ ಅಂಗಡಿ, ಕಾರ್ಖಾನೆಗಳ ಒಡೆಯರಿದ್ದರು. ಗಿರಣಿಯ ಮಾಲೀಕ ತನ್ನದೇ ಗುಮಾಸ್ತನ ಮುಂದೆ ಕುಳಿತು ಈ ವಾರ ತಾನು ಎಲ್ಲಿ ಎಡವಿದೆನೆಂದು ಹೇಳಿಕೊಳ್ಳುವುದು ಕಷ್ಟವೇ. ಬಾಯಿಪಾಠದ ಮಾತುಗಳು ಬಂದವು, ಹಾಜರಾತಿ ಇಳಿಯಿತು. 19ನೇ ಶತಮಾನದ ಉತ್ತರಾರ್ಧದಲ್ಲಿ, ಗುಂಪಿಗೆ ಬಾರದವರನ್ನು ಸದಸ್ಯರೆಂದು ಎಣಿಸಬೇಕೇ ಬೇಡವೇ ಎಂಬ ಚರ್ಚೆ ಮತ್ತೆ ಮತ್ತೆ ಎದ್ದಿತು. ನಿಯಮ ಸಡಿಲವಾಯಿತು. ತಪಾಸಣೆಯ ಮುಜುಗರ ತಪ್ಪಿತು, ನಿಜ. ಆದರೆ ಅದರೊಂದಿಗೇ, ಈ ವಾರ ಏಕೆ ಬರಲಿಲ್ಲ ಎಂದು ಕೇಳಿಕೊಂಡು ಬರುತ್ತಿದ್ದ ಮನುಷ್ಯನೂ ಮರೆಯಾದ. ಹಳೆಯ ಗುಂಪಿನ ಪುಸ್ತಕಗಳಲ್ಲಿ ಬಾರದವರ ಹೆಸರಿನ ಮುಂದೆ ಕಾಯಿಲೆಯೋ, ಪರಊರೋ, ಕೆಲಸವೋ, ಉದಾಸೀನವೋ ಎಂಬುದಕ್ಕೆ ಒಂದೊಂದು ಅಕ್ಷರದ ಗುರುತು ಹಾಕುತ್ತಿದ್ದರು. ಗುರುತು ಹಾಕಬೇಕಾದರೆ ಯಾರಾದರೂ ಹೋಗಿ ಕೇಳಲೇಬೇಕಿತ್ತು.

ಪದ್ಧತಿ ಪೂರ್ತಿ ಅಳಿದಿಲ್ಲ. ಬ್ರಿಟನ್ನಿನ ಮೆಥಡಿಸ್ಟ್ ಸಭೆಗಳಲ್ಲಿ ಸದಸ್ಯರ ಹೆಸರುಗಳನ್ನು ಈಗಲೂ ಪಟ್ಟಿಗಳಾಗಿ ಹಂಚಿ, ಒಂದೊಂದು ಪಟ್ಟಿಯನ್ನು ಒಬ್ಬೊಬ್ಬ ಸಾಮಾನ್ಯ ಸದಸ್ಯರಿಗೆ ಒಪ್ಪಿಸುತ್ತಾರೆ. ಸದಸ್ಯತ್ವದ ಚೀಟಿ ಈಗ ಮೂರು ತಿಂಗಳಿಗೊಮ್ಮೆ ಅಲ್ಲ, ವರ್ಷಕ್ಕೊಮ್ಮೆ ಬರುತ್ತದೆ. ಅದನ್ನು ಪಡೆಯಲು ಯಾರೂ ಪರೀಕ್ಷೆಗೆ ಕೂರಬೇಕಾಗಿಲ್ಲ.